ನ್ಯೂಜೆರ್ಸಿಗೆ ಅಮ್ಮನ ಬೋಣಿ

ಅಕ್ಟೋಬರ್ 6, ಸೋಮವಾರ. ಬೆಳಿಗ್ಗೆ 7.50, ಎಸ್-ಬಾನ್ ರೈಲು

ಸೀಟು ಸಿಕ್ಕಿತು! ಎಷ್‌ಬಾರ್ನ್‌ಗೆ ಇನ್ನೂ ಹದಿನೈದು ನಿಮಿಷ, ಆಫೀಸು ಅಲ್ಲೇ. ಹದಿನಾಲ್ಕನೇ ತಾರೀಖು ಗೋ-ಲೈವ್, ನಮ್ಮ ಸಾಫ್ಟ್‌ವೇರ್ ಚಾಲೂ.

ನ್ಯೂಜೆರ್ಸಿಯಲ್ಲಿ ಆನ್‌ಲೈನ್ ಕ್ಯಾಸಿನೊ ಆಡಬಹುದು. ನದಿ ದಾಟಿ ನ್ಯೂಯಾರ್ಕಿಗೆ ಬಂದರೆ ಆಡುವಂತಿಲ್ಲ. ಆಡುವವರು ಎಲ್ಲಿ ನಿಂತಿದ್ದಾರೆ ಅಂತ ನೋಡಿ ಬಿಡೋದು ಅಥವಾ ತಡೆಯೋದು, ಅಷ್ಟೇ ನಮ್ಮ ಸಾಫ್ಟ್‌ವೇರ್. ಒಂದೂ ತೂತಿಲ್ಲದೆ ಲಾಂಚ್ ಆದರೆ ನನಗೆ ಈ ಜರ್ಮನಿಯಲ್ಲಿ ಉನ್‌ಬೆಫ್ರಿಸ್ಟೆಟ್ — ಕಾಯಂ ಕೆಲಸ. ಬಾಸ್ ಯತಿರಾಜ್ ಬಾಯಿಬಿಟ್ಟು ಹೇಳಿದ್ದಾರೆ. ಈಗಿನ ಕಾಂಟ್ರ್ಯಾಕ್ಟ್ ಈ ತಿಂಗಳ 31ಕ್ಕೆ ಮುಗಿಯುತ್ತದೆ. ಆಮೇಲೆ ವೀಸಾ, ಮನೆ, ಎಲ್ಲಾ ಅಲುಗಾಡುತ್ತವೆ... ಬೇಡ, ಆ ಯೋಚನೆ ಬೇಡ.

ಅಕ್ಟೋಬರ್ 9, ಗುರುವಾರ

ಆಯ್ತು ಆಯ್ತು ಆಯ್ತು!

ಚಿಕ್ಕಮ್ಮನ ಮಗಳು ಕೀರ್ತಿ ಜೆರ್ಸಿ ಸಿಟಿಯಿಂದ ಮ್ಯಾನ್‌ಹಟನ್ ಆಫೀಸಿಗೆ ಹೋಗುವಾಗ ಫೆರಿಯಲ್ಲಿ ಕೂತು ಟೆಸ್ಟ್ ಆಟ ಆಡಿದಳು. ನಾನು ಇಲ್ಲಿ ಫೋನಿನಲ್ಲಿ. ದಡ ಬಿಟ್ಟಳು, ಆಟ ನಡೆಯಿತು. ನಡು ಹಡ್ಸನ್‌ನಲ್ಲಿ ಗಡಿ ದಾಟಿದ್ದೇ ಪಟ್ಟಂತ ಬಂದ್! ಕ್ಯಾಂಟೀನಿನಲ್ಲಿ ಎದ್ದು ಕುಣಿದುಬಿಟ್ಟೆ. ಜರ್ಮನರು ಸೂಪ್ ಬಿಟ್ಟು ನನ್ನನ್ನೇ ನೋಡಿದರು. ನೋಡಲಿ.

ಅಕ್ಟೋಬರ್ 14, ಮಂಗಳವಾರ. ಮಧ್ಯಾಹ್ನ 3.40

ಹೋಂ ಆಫೀಸ್, ಇವತ್ತು ಮನೆಯಿಂದಲೇ ಕೆಲಸ. ನಾಲ್ಕಕ್ಕೆ ಲೈವ್, ಅಲ್ಲಿ ಬೆಳಿಗ್ಗೆ ಹತ್ತು.

ಮೈಸೂರಿನಿಂದ ಮೂರು ತಿಂಗಳಿಗೆ ಬಂದಿರುವ ಅಮ್ಮನದು ಬೆಳಿಗ್ಗೆಯಿಂದ ಒಂದೇ ರಾಗ. ಮೂವತ್ತು ವರ್ಷ ಬಳೆ ಅಂಗಡಿ ನಡೆಸಿದವಳು. “ಅಂಗಡಿ ತೆಗೆದ್ಮೇಲೆ ಬೋಣಿ ಆಗ್ದಿದ್ರೆ ನನಗೆ ಸಮಾಧಾನ ಇಲ್ಲ ಕಣೆ. ನನ್ ಕೈಲಿ ಮಾಡ್ಸು.”

ಒಪ್ಪಿದೆ. ಟೆಸ್ಟ್ ಖಾತೆ ಇನ್ನೂ ಇದೆ, ಅದರಲ್ಲಿ ಒಂದು ಡಾಲರ್. ಜರ್ಮನಿಯಿಂದ ಒತ್ತಿದರೆ ಬೇಡ ಅನ್ನುತ್ತದೆ. ನಾವು ಮಾರುವುದೇ ಆ ‘ಬೇಡ’ ತಾನೇ, ಒಳ್ಳೆ ಬೋಣಿ!

4.06

ಬೇಡ ಅನ್ನಲಿಲ್ಲ.

ಅಮ್ಮ ರೂಲೆಟ್‌ನಲ್ಲಿ ಕೆಂಪು ಒತ್ತಿದಳು, ಕುಂಕುಮದ ಬಣ್ಣ ಅಂತ. ಚಕ್ರ ತಿರುಗಿತು. ಗೆದ್ದಳು! ಚಪ್ಪಾಳೆ ಹೊಡೆಯುತ್ತಿದ್ದಾಳೆ. ನಾನು ಕೋಡ್ ತೆರೆದು ಹುಡುಕುತ್ತಿದ್ದೇನೆ.

4.19

ಸಿಕ್ಕಿತು. ಟೆಸ್ಟಿಂಗ್‌ಗೆ ಅಂತ ನಾನೇ ಮಾಡಿದ್ದ ವಿನಾಯಿತಿ ಪಟ್ಟಿ. ಅದರಲ್ಲಿರುವ ಜಾಗಗಳನ್ನು ಸಾಫ್ಟ್‌ವೇರ್ ತಡೆಯುವುದಿಲ್ಲ. ಅಳಿಸಲೇ ಇಲ್ಲ. ಈ ಮನೆಯ ವೈಫೈ ಅದರಲ್ಲಿದೆ. ಕೀರ್ತಿಯ ಮ್ಯಾನ್‌ಹಟನ್ ಆಫೀಸೂ... ಆ ಇಡೀ ಕಟ್ಟಡ ಈಗ ನ್ಯೂಯಾರ್ಕಿನಲ್ಲಿ ಕೂತು ಆಡಬಹುದು. ಕಂಪನಿಯ ಲೈಸೆನ್ಸೇ ಹೋಗುತ್ತದೆ.

ಸದ್ದಿಲ್ಲದೆ ಅಳಿಸಿಬಿಡಲೇ? ಒಂದು ಡಾಲರ್ ಯಾರು ನೋಡುತ್ತಾರೆ? ನೋಡಿದರೆ? ಹೇಳಿದರೆ ಉನ್‌ಬೆಫ್ರಿಸ್ಟೆಟ್‌ಗೆ ಎಳ್ಳುನೀರು. ಅಮ್ಮನಿಗೆ ಎಲ್ಲಾ ಹೇಳಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, “ಬಿರುಕು ಬಿಟ್ಟ ಬಳೇನ ಹೇಳ್ದೆ ಯಾವತ್ತೂ ತೊಡಿಸ್ಲಿಲ್ಲ ನಾನು. ಬರಿ. ನನ್ ಹೆಸ್ರನ್ನೂ ಬರಿ,” ಅಂದಳು.

4.45

ಯತಿರಾಜ್‌ಗೆ ಬರೆದೆ, ಅಮ್ಮನ ಹೆಸರು ಸಮೇತ. ಕಳಿಸಿದೆ. ಯತಿರಾಜ್ ಫೋನಿನಲ್ಲಿ “ಸರಿ” ಅಂದರು, ಅಷ್ಟೇ. ಪಟ್ಟಿ ಖಾಲಿ ಮಾಡಿಸಿದರು. ಅಮ್ಮನ ಕೈಯಲ್ಲಿ ಮತ್ತೆ ಒತ್ತಿಸಿದೆ. ನೀವು ನ್ಯೂಜೆರ್ಸಿಯಲ್ಲಿಲ್ಲ ಅಂತ ಬಂತು. ಓದಿ ಹೇಳಿದೆ.

“ಈಗಾಯ್ತು ನೋಡು ಬೋಣಿ,” ಅಂದಳು.

ಅಕ್ಟೋಬರ್ 17, ಶುಕ್ರವಾರ. 9.55, ಆಫೀಸ್

ಎರಡು ದಿನ ಬರೆಯಲಾಗಲಿಲ್ಲ. ಹತ್ತಕ್ಕೆ ಯತಿರಾಜ್ ಕರೆದಿದ್ದಾರೆ. ಅಮ್ಮನ ಹಸಿರು ಗಾಜಿನ ಬಳೆ ತೊಟ್ಟು ಬಂದಿದ್ದೇನೆ. ಗಾಜಿನ ಬಾಗಿಲ ಹೊರಗೆ ಕುರ್ಚಿ.

ಕೀರ್ತಿಯ ಆಫೀಸಿನಿಂದ ಯಾರೂ ಆಡಿಲ್ಲ, ಲಾಗ್ ಪೂರ್ತಿ ನೋಡಿದರಂತೆ. ನ್ಯೂಜೆರ್ಸಿಯ ಹೊರಗಿನವರು ಆಡಿದ್ದು ಒಂದೇ ಆಟ. ಆಟಗಾರ್ತಿ ನಮ್ಮಮ್ಮ, ವಿಜಯಮ್ಮ! ಅಂದರೆ ತೂತು ಹಿಡಿದದ್ದೂ ಅವಳೇ...

ಬಾಗಿಲು ತೆಗೆದರು. ಅವರ ಪೆನ್ನು ಓಡುತ್ತಿಲ್ಲವಂತೆ, ಸಹಿಗೆ ನಾನು ಬರೆಯುತ್ತಿರುವ ಇದೇ ಪೆನ್ನು ಕೇಳುತ್ತಿದ್ದಾರೆ. ಒಂದು ನಿಮಿಷ ಅಂದೆ. ಅವರ ಕೈಯಲ್ಲಿ ಕಾಗದ, ಮೇಲಿನ ಸಾಲು ನನಗೆ ತಲೆಕೆಳಗಾಗಿ ಕಾಣುತ್ತಿದೆ — ಉನ್‌ಬೆಫ್ರಿ