ಕುಳಿತವನಿಗೆಂದು ತೋಡಿದ ಕುಣಿ

ಹುನಗುಂದ
೧೧ ಫೆಬ್ರುವರಿ ೨೦೨೫

ಪ್ರವೀಣಕುಮಾರ,

ಆಶೀರ್ವಾದ ಬರೆಯಲು ಕೈ ಏಳುತ್ತಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನಿಮ್ಮಪ್ಪನ ನೆನಪಿನ ಪುಸ್ತಕಕ್ಕೆ ಸೋದರತ್ತಿಯಾದ ನನ್ನ ನಾಲ್ಕು ಮಾತು ಬೇಕು ಎಂದು ಕೇಳಿದ್ದೀ. ನೀನು ಕಳಿಸಿದ ಹಾಳೆಗಳನ್ನು ಓದಿದೆ. ‘ಶತ್ರುಗಳ ಎದೆ ನಡುಗಿಸಿದ ವೀರಯೋಧ’ ಎಂದು ಬರೆಸಿದ್ದೀ. ನಮ್ಮಣ್ಣ ಕಾಶಪ್ಪ ಸೈನ್ಯದಲ್ಲಿ ಇದ್ದಷ್ಟು ದಿನ ಟೆಲಿಫೋನ್ ತಂತಿ ಎಳೆದವನು. ಹಾಗೆಂದು ಹೇಳಲು ಅವನಿಗೆ ಎಂದೂ ನಾಚಿಕೆ ಆಗಲಿಲ್ಲ. ನಿನಗೇಕೆ ಆಗುತ್ತದೆ?

ಸಿಯಾಚಿನ್‌ನಲ್ಲಿ ಹಿಮ ಕುಸಿದು ಅವನು ಅಂಗಾತ ಹೂತುಹೋಗಿದ್ದ. ಜೊತೆಗಾರ, ನಮ್ಮ ಇಳಕಲ್ಲಿನ ಬಂದೇನವಾಜ, ಬರಿಗೈಯಿಂದ ಬಗೆದು ಹೊರಗೆಳೆದ. ಆಮೇಲೆ ಅಣ್ಣ ಅಂಗಾತ ಮಲಗಿದ್ದೇ ಇಲ್ಲ. ಹಳೆ ಬಾಗಲಕೋಟೆಯ ಮನೆಯಲ್ಲಿ, ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ನವನಗರದ ಮನೆಯಲ್ಲಿ, ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡಿದ. ‘ನಮ್ಮ ಮಂದಿ ಸತ್ತ ಮ್ಯಾಲೂ ಕುಂಡ್ರಸ್ತಾರಲ್ಲ, ಅದೊಂದು ಸಮಾಧಾನ ನೋಡವಾ ಸಂಗವ್ವ’ ಎನ್ನುತ್ತಿದ್ದ. ನಿನ್ನ ಮುಂದೆಯೇ ಅಂದಿದ್ದಾನೆ.

ಅವನು ತೀರಿಕೊಂಡದ್ದು ಬೆಳಗಿನ ಜಾವ. ಲಿಂಗವಂತರ ಮನೆಯಲ್ಲಿ ಮೈ ಬಿಗಿಯುವ ಮೊದಲೇ ಮೀಯಿಸಿ ಕೂಡ್ರಿಸುತ್ತಾರೆ; ಇದನ್ನು ಯಾರೂ ಯಾರಿಗೂ ಕಲಿಸಬೇಕಿಲ್ಲ. ನೀನು ಗಾಜಿನ ಫ್ರೀಜರ್ ಪೆಟ್ಟಿಗೆ ತರಿಸಿ ಅಂಗಾತ ಮಲಗಿಸಿದೆ. ನಿನಗೆ ಚುನಾವಣೆಯ ಟಿಕೆಟ್ ಕೊಡಿಸುತ್ತೇನೆಂದ ಸಾಹೇಬರು ಸಂಜೆಗೆ ಬರುವವರಿದ್ದರು. ಮಲಗಿದ ಮೈಮೇಲೆ ಧ್ವಜ ಹೊದಿಸಿದರೆ ಫೋಟೋ ಚಂದ ಬರುತ್ತದಂತೆ.

ಬಂದೇನವಾಜ ಬಂದವನೇ ನಿನ್ನ ಕೈ ಹಿಡಿದು ಹೇಳಿದ: ‘ತಮ್ಮಾ, ಕಾಲು ಮಡಚೂ ಹಂಗ ಇದ್ದಾಗ್ಲೇ ಕುಂಡ್ರಸಪಾ.’ ನೀನೇನಂದೆ? ‘ಕಾಕಾ, ನಮ್ಮ ಪದ್ಧತಿ ನಿಮಗ ತಿಳಿಯೂದಿಲ್ಲ, ಸುಮ್ನಿರ್ರಿ.’ ಅಣ್ಣನ ಜೀವ ಉಳಿಸಿದವನಿಗೆ ಆ ಮಾತು. ನಾನು ಬಂದು ಕೂಗಾಡಿದರೆ ನಿನ್ನ ಹೆಂಡತಿ ಮಹೇಶ್ವರಿ ನನ್ನ ಕೈಗೆ ಚಹಾ ಕೊಟ್ಟಳು.

ಸಾಹೇಬರು ಬಂದರು, ಹೋದರು. ಆಮೇಲೆ ಕೂಡ್ರಿಸಲು ಹೋದಿರಿ. ಹಿರಿಯರು ಮೊಣಕಾಲು ಒತ್ತಿ ಒತ್ತಿ ಸೋತರು. ಸಾಕು ಬಿಡ್ರಿ ಅಂದವಳು ನಾನೇ. ಕುಳಿತವನಿಗೆಂದು ತೋಡಿದ ಕುಣಿಯನ್ನು ಉದ್ದ ಮಾಡಲು ನೀನು ಜೆಸಿಬಿ ತರಿಸಿದೆ. ಮಲಗಿದವನ ಮುಖದ ಮೇಲೆ ಮೊದಲ ಹಿಡಿ ಮಣ್ಣು ಬಿದ್ದಾಗ ಬಂದೇನವಾಜ ಕುಣಿಯೊಳಗೆ ಇಳಿಯಲು ಹೋದ. ಆ ಮುದುಕನನ್ನು ಹಿಡಿದು ನಿಲ್ಲಿಸಲು ಇಬ್ಬರು ಬೇಕಾಯಿತು. ನೀನು ನೋಡಲಿಲ್ಲ, ಫೋನಿನಲ್ಲಿ ಫೋಟೋ ಕಳಿಸುತ್ತಿದ್ದೆ.

ನಿನ್ನ ಪುಸ್ತಕದಲ್ಲಿ ‘ಸಕಲ ವಿಧಿವಿಧಾನಗಳೊಂದಿಗೆ’ ಎಂದಿದೆ. ಆ ಸಾಲು ಹೊಡೆದುಹಾಕಿ ನಾನು ಮೇಲೆ ಬರೆದದ್ದನ್ನು ಇದ್ದಂತೆ ಅಚ್ಚು ಹಾಕಿಸು. ಆಗದಿದ್ದರೆ ನನ್ನ ಹೆಸರೂ ಬೇಡ. ಪುಸ್ತಕ ಬಿಡುಗಡೆಯ ಸಭೆಗೆ ನಾನು ಬರುವುದಿಲ್ಲ.

ಇಂತಿ,
ಕಾಶಪ್ಪನ ತಂಗಿ
ಸಂಗವ್ವ

ತಾ.ಕ.: ಎದುರು ಮನೆಯ ದಾನೇಶ್ವರಿಗೆ ಹೇಳಿಟ್ಟಿದ್ದೇನೆ. ನಾನು ಹೋದ ದಿನ ಮೊದಲು ನನ್ನನ್ನು ಕೂಡ್ರಿಸಬೇಕು. ನಿನಗೆ ಫೋನ್ ಮಾಡುವುದು ಆಮೇಲೆ.