ಅರಿಶಿನ ಮೆತ್ತಿದ ಸರ್ಟಿಫಿಕೇಟು

ಅಣ್ಣಾ,

ಮೇಷ್ಟರು ಕೊಟ್ಟ ಸರ್ಟಿಫಿಕೇಟನ್ನು ದೇವರ ಮುಂದಿಡಲು ಅಮ್ಮನಿಗೆ ಕೊಟ್ಟವನು ನೀನೇ. ಹೊಸ ಕಾಗದಕ್ಕೆ ಅರಿಶಿನ ಹಚ್ಚದೆ ಅವಳು ಇನ್ನೇನು ಮಾಡುತ್ತಾಳೆ? ಸಹಿ ಅಳಿಸಿತೆಂದು ಕೂಗಾಡಿ, ಉಣ್ಣದೆ ತೋಪಿನಲ್ಲಿ ಹೋಗಿ ಕೂತರೆ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಗುವುದಿಲ್ಲ. ಅರ್ಜಿ ನಾಳೆಯೇ ಟಪಾಲಿಗೆ ಬೀಳಬೇಕು.

ಅಪ್ಪನಿಗೆ ಓದು ಬಾರದು. ಅವನ ಜೊತೆ ನಾನೇ ಗಾಡಿಯಲ್ಲಿ ದೇವನಹಳ್ಳಿಗೆ ಹೋಗಿ ಮೇಷ್ಟರಿಂದ ಹೊಸದು ಬರೆಸಿಕೊಂಡು ಬರುತ್ತೇನೆ. ನೀನು ಅರ್ಜಿ ತುಂಬಿಡು. ಮುದ್ದೆ ಮುಚ್ಚಿಟ್ಟಿದ್ದೇನೆ.

ಅಮ್ಮ ಬೆಳಗಿನಿಂದ "ನನ್ ಕೈಯೇ ಸರಿಯಿಲ್ಲ ಕಣೇ" ಅಂತಿದ್ದಾಳೆ. ಅವಳನ್ನು ಮಾತಾಡಿಸು.

"ಯಾಕಮ್ಮಾ ಸ್ಕೂಲ್ ಬಿಟ್ಟೆ?" ಎಂದು ಮೇಷ್ಟರು ಕೇಳಿಯಾರೆಂದು ಹೆದರಿ ಮೂರು ವರ್ಷದಿಂದ ನಾನು ಅವರ ಬೀದಿಗೇ ಹೋಗಿಲ್ಲ. ಇವತ್ತು ಹೋಗುತ್ತೇನೆ. ಹೊಸ ಕಾಗದ ಮಾತ್ರ ಅಮ್ಮನ ಕೈಗೂ ಇಲ್ಲ, ನಿನ್ನ ಕೈಗೂ ಇಲ್ಲ. ಲಕೋಟೆಗೆ ನಾನೇ ಹಾಕುತ್ತೇನೆ.

ಮುತ್ತು