ಮೆಷಿನ್ನಿನ ಸದ್ದು ಅಳಿಸಿದ ಮೇಲೆ

ಪ್ರೀತಿಯ ಅಪ್ಪನಿಗೆ,

ಫೋನಿದ್ದೂ ಕಾಗದ ಬರೆಯುತ್ತಿದ್ದೇನೆ, ಮೊದಲೇ ಕ್ಷಮಿಸಿಬಿಡು. ಈ ವಾರ ಮೂರು ಸಲ ನಿನಗೆ ಫೋನ್ ಮಾಡಿದೆ. ಮೂರು ಸಲವೂ ಸೆಕೆ, ಮಂಡಿನೋವು ಅಂತ ಏನೇನೋ ಮಾತಾಡಿ ಇಟ್ಟುಬಿಟ್ಟೆ. ನನ್ನ ಕನ್ನಡ ಹಾಸ್ಟೆಲ್ ಕನ್ನಡ, ನಿನಗೆ ಗೊತ್ತು. ಎಲ್ಲಾದರೂ ತಪ್ಪಿದ್ದರೆ ಬಿಚ್ಚಿ ಹೊಲಿದುಕೊಂಡು ಓದು.

ಇಲ್ಲಿ ಕಾಲೇಜಿನಲ್ಲಿ ವಿಡಿಯೊ ಜೋಡಿಸುವುದನ್ನು ಕಲಿಸುತ್ತಿದ್ದಾರೆ. ಕಂಪ್ಯೂಟರಿನಲ್ಲಿ ಮೇಲೆ ಚಿತ್ರದ ಪಟ್ಟಿ, ಅದರ ಕೆಳಗೆ ಧ್ವನಿಯ ಪಟ್ಟಿಗಳು. ಟ್ರ್ಯಾಕ್ ಅನ್ನುತ್ತೇವೆ. ನೀನು ಕೋಟಿಗೆ ಲೈನಿಂಗ್ ಕೊಡುವ ಹಾಗೆ ಒಂದರ ಕೆಳಗೊಂದು ಹಾಸಿ ಅಂಚು ಕೂಡಿಸಬೇಕು. ಕೆಲಸದಲ್ಲಿರುವ ಒಬ್ಬ ಮನುಷ್ಯನ ಮೇಲೆ ಎರಡು ನಿಮಿಷದ ವಿಡಿಯೊ ಮಾಡಿ ಅಂದರು. ರಜೆಯಲ್ಲಿ ನೀನು ನನ್ನ ರೂಮಿಗೆ ಪರದೆ ಹೊಲಿಯುವಾಗ ಫೋನಿನಲ್ಲಿ ತೆಗೆದಿದ್ದೆನಲ್ಲ, ಅದನ್ನೇ ಹಾಕಿದೆ.

ಅದರಲ್ಲಿ ಮೆಷಿನ್ ಸದ್ದು ಜೋರು, ಅದರಡಿಯಲ್ಲಿ ನಿನ್ನ ಗುನುಗು. ನಾನು ಹುಡುಕಿಟ್ಟಿದ್ದ ಪಿಯಾನೊ ಸಂಗೀತಕ್ಕೂ ಅದಕ್ಕೂ ಹೊಂದಲೇ ಇಲ್ಲ. ಒಂದರ ವಾಲ್ಯೂಮ್ ತಗ್ಗಿಸಿದ್ದರೆ ಸಾಕಿತ್ತು. ನಾನು ಗದ್ದಲ ತೆಗೆಯುವ ಬಟನ್ ಒತ್ತಿದೆ. ಯಾವುದು ಗದ್ದಲ, ಒಂದು ಮಾದರಿ ತೋರಿಸು ಅಂತ ಅದು ಕೇಳುತ್ತದೆ. ನಿನ್ನ ಮೆಷಿನ್ನನ್ನು ತೋರಿಸಿದೆ. ಅದು ಮೆಷಿನ್ ಜೊತೆಗೆ ನಿನ್ನ ಗುನುಗನ್ನೂ ಗುಡಿಸಿಕೊಂಡು ಹೋಯಿತು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ. ಉಳಿದದ್ದು ಬಕೆಟ್ಟಿನೊಳಗೆ ಯಾರೋ ಉಸಿರಾಡಿದಂಥ ಸದ್ದು. ಅದನ್ನೂ ಸರಿಯಾಗಿ ಕೇಳದೆ ಹಳೇ ಫೈಲಿನ ಮೇಲೆಯೇ ಸೇವ್ ಮಾಡಿದೆ, ಜಾಗವಿಲ್ಲವೆಂದು ಫೋನಿನಿಂದಲೂ ಅಳಿಸಿದೆ. ಅಳೆಯದೆ ಕತ್ತರಿ ಹಾಕಬೇಡ ಅಂತ ನೀನು ಎಷ್ಟು ಸಲ ಹೇಳಿಲ್ಲ.

ಕ್ಲಾಸಿನಲ್ಲಿ ತೋರಿಸಿದಾಗ ಮೇಷ್ಟ್ರು, "ಸಂಗೀತ ಚೆನ್ನಾಗಿದೆ. ಇವರ ಕೆಲಸ ಎಲ್ಲಿ ಕೇಳಿಸುತ್ತೆ?" ಅಂದರು. ಹಿಂದಿನ ಬೆಂಚಿನವಳು, "ಪಾಪ, ಗಾಳಿಗೆ ಹೊಲಿಗೆ ಹಾಕ್ತಿದ್ದಾರೆ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾರಿವರು ಅಂತ ಅವಳು ಕೇಳಿದಾಗ, "ನಮ್ಮ ಬೀದಿ ಟೈಲರ್" ಅಂದೆ.

ಅಪ್ಪ, ಫೋನಿನಲ್ಲಿ ಬಾಯಿಗೆ ಬಾರದೆ ಹೋದದ್ದು ಇದೇ.

ರೂಮಿಗೆ ಬಂದು ನಿನ್ನ ಗುನುಗನ್ನು ನೆನಪಿಸಿಕೊಳ್ಳಲು ಕೂತೆ. ಬರಲಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲ್. ಭಾನುವಾರ ವಾರ್ಡನ್ ಫೋನ್ ಕೊಟ್ಟಾಗಲೆಲ್ಲ ನೀನು ಪೆಡಲ್ ನಿಲ್ಲಿಸಿಯೇ ಹಲೋ ಅನ್ನುತ್ತಿದ್ದೆ. "ಮಗಳ ಜೊತೆ ಮಾತಾಡುವಾಗ ಗಲಾಟೆ ಯಾಕೆ" ಅನ್ನುತ್ತಿದ್ದೆ. ಎಂಟು ವರ್ಷ ನಾನು ನಿನ್ನ ದನಿ ಕೇಳಿದ್ದು ಸದ್ದಿಲ್ಲದ ಅಂಗಡಿಯಲ್ಲೇ. ನನ್ನ ಕಿಟಕಿಗೆ ಹಾಕಿರುವ ನಿನ್ನ ಪರದೆಯ ಒಂದು ಮೂಲೆಯಲ್ಲಿ ಹೊಲಿಗೆ ಕೊಂಚ ಸೊಟ್ಟಗಿದೆ. "ಅಪ್ಪ, ಇಲ್ಲಿ ನೋಡು" ಅಂತ ನಾನು ಕರೆದಾಗ ತಲೆಯೆತ್ತಿದ್ದೆಯಲ್ಲ, ಆ ಜಾಗ. ಬೆಳಿಗ್ಗೆ ಎದ್ದ ಕೂಡಲೇ ಅದರ ಮೇಲೆ ಬೆರಳಾಡಿಸುತ್ತೇನೆ.

ತಿಂಗಳ ಕೊನೆಗೆ ಕಾಲು ಮೆಷಿನ್ನನ್ನು ಅತ್ತೆಗೆ ಕೊಟ್ಟು ಕರೆಂಟಿನದು ತರುತ್ತೇನೆ ಅಂದೆಯಲ್ಲ. ತಾ, ನಿನ್ನ ಮಂಡಿಗೆ ಅದೇ ಒಳ್ಳೆಯದು. ಆದರೆ ಅದಕ್ಕೆ ಮುಂಚೆ ಎರಡೇ ನಿಮಿಷ ಹಳೆಯದನ್ನು ತುಳಿದು, ಸದ್ದು ರೆಕಾರ್ಡ್ ಮಾಡಿ ಕಳಿಸು. ಫೋನನ್ನು ಮೆಷಿನ್ನಿನ ಹಲಗೆ ಮೇಲಿಡಬೇಡ, ನಡುಗುತ್ತದೆ. ಪಕ್ಕದ ಸ್ಟೂಲಿನ ಮೇಲೆ ಬಟ್ಟೆ ಮಡಿಸಿ ಇಡು. ಗಂಟಲು ಸರಿಮಾಡಿಕೊಂಡು ಹಾಡಲು ಹೋಗಬೇಡ, ದಿನಾ ಗುನುಗುವ ಹಾಗೆ ಗುನುಗು. ಚಿತ್ರಕ್ಕೆ ಕೂಡದಿದ್ದರೆ ಅಂಚು ನಾನು ಕೂಡಿಸಿಕೊಳ್ಳುತ್ತೇನೆ. ಮಧ್ಯೆ ಯಾರು ಕರೆದರೂ ಪೆಡಲ್ ನಿಲ್ಲಿಸಬೇಡ, ನಾನೇ ಕರೆದರೂ.

ಮುಂದಿನ ತಿಂಗಳು ಅದೇ ಕ್ಲಾಸಿನಲ್ಲಿ ಮತ್ತೆ ತೋರಿಸಬೇಕು. ಪಿಯಾನೊ ತೆಗೆದುಬಿಟ್ಟೆ. ಕೊನೆಯಲ್ಲಿ 'ಟೈಲರ್' ಅಂತ ಹಾಕಿದ್ದೆ, ಅದನ್ನು ಅಳಿಸಿ 'ನನ್ನ ಅಪ್ಪ' ಅಂತ ಬರೆದಿದ್ದೇನೆ. ಕೆಳಗಿನ ಟ್ರ್ಯಾಕ್ ಖಾಲಿ ಇದೆ.

ನಿನ್ನ ಸೂಜಿ ಮುರಿಯದಿರಲಿ, ಮಂಡಿ ನಿನ್ನ ಮಾತು ಕೇಳಲಿ.

ನಿನ್ನ ಮಗಳು

ಬೈದಾದರೂ ಸರಿ, ಕಾಗದ ಸಿಕ್ಕ ದಿನವೇ ಉತ್ತರ ಹಾಕು.